ಆರ್‌ಪಿಯಲ್ಲಿ ಗಾಯ ಮತ್ತು ನೋವು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ನಾಲ್ಕು ವರ್ಷದಿಂದ ಕನ್ನಡದಲ್ಲಿ ಆರ್‌ಪಿ, ಅಂದರೆ ಒಂದು ಪಾತ್ರವಾಗಿ ಮಾತಾಡಿ ನಡೆದುಕೊಳ್ಳುವ ರೋಲ್‌ಪ್ಲೇ ಆಡುತ್ತಿದ್ದೇನೆ. ಹೆಚ್ಚಾಗಿ ಜಿಟಿಎ 5 ಎಂಬ ವಿಡಿಯೋ ಗೇಮ್‌ನ, ಆಟಗಾರರೇ ನಡೆಸುವ ಫೈವ್‌ಎಂ ಸರ್ವರ್‌ಗಳಲ್ಲಿ, ಆಂಬುಲೆನ್ಸ್ ಸಿಬ್ಬಂದಿಯಾಗಿ. ರಾತ್ರಿ ಹೊತ್ತು ಡಿಸ್ಕಾರ್ಡ್‌ನಲ್ಲಿ ಬರೆದು ಆಡುವ ಕಥೆಗಳಲ್ಲೂ ಇರುತ್ತೇನೆ. ಹೊಸಬರು ಬಂದಾಗೆಲ್ಲ ಗಾಯದ ಬಗ್ಗೆ ಹೆಚ್ಚು ಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಆಟದಲ್ಲೇ ಹೆಲ್ತ್ ಬಾರ್ ಇದೆಯಲ್ಲ, ಮತ್ತೆ ನಾವ್ಯಾಕೆ ನೋವನ್ನು ಆಡಿ ತೋರಿಸಬೇಕು?

ಇನ್ನೂ ಎಷ್ಟು ಏಟು ತಡೆಯಬಹುದು ಅನ್ನುವುದನ್ನು ಮಾತ್ರ ಬಾರ್ ಹೇಳುತ್ತದೆ. ಏಟು ಎಲ್ಲಿ ಬಿತ್ತು, ಕೈ ಎತ್ತಲು ಬರುತ್ತದಾ, ಮೆಟ್ಟಿಲು ಹತ್ತಬಹುದಾ ಅನ್ನುವುದು ಅದಕ್ಕೆ ಗೊತ್ತಿಲ್ಲ. ಒಂದು ಬ್ಯಾಂಡೇಜ್ ಒತ್ತಿದರೆ ಬಾರ್ ತುಂಬುತ್ತದೆ. ಎರಡು ನಿಮಿಷದ ಹಿಂದೆ ಮೂರನೇ ಮಹಡಿಯಿಂದ ಬಿದ್ದವನು ಎದ್ದು ಓಡುತ್ತಾನೆ. ಬಿದ್ದಿದ್ದಕ್ಕೆ ಅರ್ಥವೇ ಉಳಿಯುವುದಿಲ್ಲ, ಅಲ್ವಾ?

ಈ ತೊಂದರೆ ಹಳೆಯದು. ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಎಂಬ, ಮೇಜಿನ ಸುತ್ತ ಕೂತು ಆಡುವ ರೋಲ್‌ಪ್ಲೇ ಆಟ 1974ರಲ್ಲಿ ಬಂದಾಗಿನಿಂದಲೂ ಹಿಟ್ ಪಾಯಿಂಟ್ ಎಂಬ, ಹೆಲ್ತ್ ಬಾರ್‌ನಂಥದ್ದೇ ಲೆಕ್ಕ ಇದೆ. ಅದರ 2014ರ ನಿಯಮದ ಪ್ರಕಾರ ಎಂಟು ಗಂಟೆ ವಿಶ್ರಾಂತಿ ತಗೊಂಡರೆ ಹೋದ ಪಾಯಿಂಟ್‌ಗಳೆಲ್ಲ ವಾಪಸ್ ಬರುತ್ತವೆ. ಆದರೆ ಅದೇ ನಿಯಮದಲ್ಲಿ ಹಿಟ್ ಪಾಯಿಂಟ್ ಅಂದರೆ ಮೈಯ ಗಟ್ಟಿತನದ ಜೊತೆಗೆ ಮನಸ್ಸಿನ ಬಲ, ಬದುಕುವ ಛಲ, ಅದೃಷ್ಟ ಎಲ್ಲ ಸೇರಿದ್ದು ಎಂದೂ ಹೇಳಿದೆ. ಹಾಗಾಗಿ ಅಂಕಿ ಇಳಿದಾಗೆಲ್ಲ ಗಾಯ ಆಗಿದೆ ಅಂದುಕೊಳ್ಳಬೇಕಾಗಿಲ್ಲ. ಹತ್ತು ಏಟು ಬಿದ್ದರೆ ಒಂಬತ್ತನ್ನು ದಣಿವು ಅಂತ ಆಡಿ. ಒಂದನ್ನು ಮಾತ್ರ ನಿಜವಾದ ಗಾಯವಾಗಿ ಆರಿಸಿಕೊಳ್ಳಿ. ಆ ಒಂದಕ್ಕೆ ಸರಿಯಾಗಿ ಸಮಯ ಕೊಡಿ.

ನೋವು ತೋರಿಸುವುದು ಅಂದರೆ ಮೈಕಿನಲ್ಲಿ ಜೋರಾಗಿ ಕೂಗುವುದಾ?

ಕೂಗು ಐದು ಸೆಕೆಂಡಿಗೆ ಮುಗಿಯುತ್ತದೆ. ಆಮೇಲೂ ಕೂಗುತ್ತಿದ್ದರೆ ಕೇಳುವವರಿಗೆ ಕಿವಿ ನೋವು ಅಷ್ಟೇ. ನಿಜವಾಗಿ ಜಾಸ್ತಿ ನೋವಿರುವ ಮನುಷ್ಯ ಬಹಳ ಸಲ ಮೌನವಾಗುತ್ತಾನೆ. ಉಸಿರು ಬಿಗಿ ಹಿಡಿಯುತ್ತಾನೆ. ಕೇಳಿದ್ದಕ್ಕೆ ಒಂದೊಂದೇ ಪದದಲ್ಲಿ ಉತ್ತರ ಕೊಡುತ್ತಾನೆ. ಸಣ್ಣ ವಿಷಯಕ್ಕೆ ಸಿಡುಕುತ್ತಾನೆ. ಹೇಳಿದ್ದನ್ನೇ ಇನ್ನೊಮ್ಮೆ ಹೇಳಿಸುತ್ತಾನೆ, ಯಾಕೆಂದರೆ ಅವನ ಗಮನವೆಲ್ಲ ಆ ಒಂದು ಜಾಗದಲ್ಲಿದೆ.

ನಾನು ಹೊಸಬರಿಗೆ ಹೇಳುವುದು ಇಷ್ಟು. ಈಗ ನಿಮ್ಮ ಪಾತ್ರಕ್ಕೆ ಏನು ಮಾಡಲು ಆಗುತ್ತಿಲ್ಲ? ಅದನ್ನು ಹುಡುಕಿ, ಅದನ್ನೇ ಆಡಿ. ನೋವನ್ನು ವಿವರಿಸುವ ಹತ್ತು ಪದಗಳಿಗಿಂತ ಕಾರಿನ ಬಾಗಿಲನ್ನು ಎಡಗೈಯಲ್ಲಿ ತೆಗೆಯುವ ಒಂದು ಸಾಲು ಗಟ್ಟಿ.

ಪೆಟ್ಟು ಬಿದ್ದ ಆ ಕ್ಷಣದಲ್ಲಿ ನಿಜವಾಗಿ ಏನಾಗುತ್ತದೆ?

ಕಲ್ಲಿಗೆ ಎಡವಿದ್ದನ್ನು ನೆನಪು ಮಾಡಿಕೊಳ್ಳಿ. ಮೊದಲು ಚುಳ್ ಅನ್ನುತ್ತದೆ. ಒಂದು ಗಳಿಗೆ ಬಿಟ್ಟು ಇನ್ನೊಂದು ನೋವು ಏಳುತ್ತದೆ, ಆಳವಾದದ್ದು, ಉರಿಯುವಂಥದ್ದು, ಬೇಗ ಬಿಟ್ಟು ಹೋಗದ್ದು. ಇವು ಎರಡು ಬೇರೆ ಬೇರೆ ನರದೆಳೆಗಳ ಕೆಲಸ. ಒಂದು ಬಗೆಯ ಎಳೆ ಸೆಕೆಂಡಿಗೆ ಸುಮಾರು 5ರಿಂದ 30 ಮೀಟರ್ ವೇಗದಲ್ಲಿ ಸುದ್ದಿ ಒಯ್ಯುತ್ತದೆ. ಇನ್ನೊಂದು ಬಹಳ ನಿಧಾನ, ಸೆಕೆಂಡಿಗೆ ಸುಮಾರು ಅರ್ಧದಿಂದ 2 ಮೀಟರ್. ಕಾಲ್ಬೆರಳಿನಿಂದ ತಲೆಗೆ ಇರುವ ದೂರ ನೋಡಿದರೆ ಆ ಎರಡನೇ ನೋವು ಸುಮಾರು ಒಂದು ಸೆಕೆಂಡಾದರೂ ತಡವಾಗಿ ಬರುತ್ತದೆ. ಬರೆದು ಆಡುವವರಿಗೆ ಈ ಒಂದು ಸೆಕೆಂಡ್ ದೊಡ್ಡ ಉಡುಗೊರೆ. ಪಾತ್ರ "ಏನೂ ಆಗಿಲ್ಲ" ಅನ್ನಲು ಬಾಯಿ ತೆರೆಯಬಹುದು, ಮಾತು ಅರ್ಧಕ್ಕೇ ನಿಲ್ಲಬಹುದು.

ದೊಡ್ಡ ಪೆಟ್ಟಿನಲ್ಲಿ ಇದಕ್ಕಿಂತ ವಿಚಿತ್ರವಾದದ್ದೂ ನಡೆಯುತ್ತದೆ. ಎರಡನೇ ಮಹಾಯುದ್ಧದಲ್ಲಿ ಹೆನ್ರಿ ಬೀಚರ್ ಎಂಬ ಅಮೆರಿಕದ ವೈದ್ಯರು ತೀವ್ರವಾಗಿ ಗಾಯಗೊಂಡ ಸೈನಿಕರನ್ನು ನೋಡಿಕೊಳ್ಳುತ್ತಿದ್ದರು. 1946ರಲ್ಲಿ ಅವರು ಬರೆದ ಪ್ರಕಾರ, ಕೇಳಿದಾಗ ನಾಲ್ವರಲ್ಲಿ ಸುಮಾರು ಮೂವರು ನೋವಿನ ಔಷಧ ಬೇಡ ಎಂದಿದ್ದರು. ಯುದ್ಧಭೂಮಿಯಿಂದ ಹೊರಗೆ ಬಂದೆವು, ಜೀವ ಉಳಿಯಿತು ಎಂಬ ನೆಮ್ಮದಿಯೂ ಇದಕ್ಕೆ ಕಾರಣ ಎಂದು ಅವರು ಅಂದುಕೊಂಡರು. ಅಂದರೆ ನೋವು ಗಾಯದ ಅಳತೆಗೆ ತಕ್ಕಂತೆ ಇರಲೇಬೇಕು ಅಂತಿಲ್ಲ. ಎಲ್ಲಿದ್ದೇವೆ, ಮುಂದೇನು ಅನ್ನುವುದೂ ನೋವನ್ನು ಬದಲಿಸುತ್ತದೆ.

ನನ್ನದೇ ಕಥೆ ಹೇಳುತ್ತೇನೆ. ಮಳೆಯಲ್ಲಿ ಸ್ಕೂಟರ್ ಜಾರಿ ಬಿದ್ದು ನನ್ನ ಬಲ ಮಣಿಕಟ್ಟು ಮುರಿದಿತ್ತು. ಬಿದ್ದ ತಕ್ಷಣ ನಾನು ಹುಡುಕಿದ್ದು ಚಪ್ಪಲಿಯನ್ನು. ಒಂದು ಚಪ್ಪಲಿ ರಸ್ತೆಯ ಆಚೆ ಬದಿಗೆ ಹಾರಿತ್ತು. ಅದನ್ನು ತಂದು ಹಾಕಿಕೊಂಡೆ. ಗಾಡಿ ಎತ್ತಲು ಹೋದಾಗ ಹ್ಯಾಂಡಲ್ ಹಿಡಿಯಲು ಬೆರಳು ಬಗ್ಗಲಿಲ್ಲ. ಆಗಲೇ ಗೊತ್ತಾಗಿದ್ದು. ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಮೇಲೆ ನೋವು ಶುರುವಾಯಿತು, ಅದೂ ಹೊಟ್ಟೆ ತೊಳಸಿ ವಾಂತಿ ಬರುವಷ್ಟು. ಇದನ್ನೇ ನಾನು ಎಷ್ಟೋ ಸೀನ್‌ಗಳಲ್ಲಿ ಬಳಸಿದ್ದೇನೆ. ಗಲಾಟೆ ನಡೆಯುವಾಗ ಪಾತ್ರ ಓಡಲಿ, ಬೈಯಲಿ, ಚಪ್ಪಲಿ ಹುಡುಕಲಿ. ಕೂತ ಮೇಲೆ ನೋವು ಬರಲಿ.

"ತುಂಬಾ ನೋವು" ಬಿಟ್ಟರೆ ನನಗೆ ಪದಗಳೇ ಸಿಗುವುದಿಲ್ಲ. ಏನು ಮಾಡಲಿ?

ಮನೆಯಲ್ಲಿ ಅಜ್ಜಿ ಇದ್ದರೆ ಹತ್ತು ನಿಮಿಷ ಪಕ್ಕದಲ್ಲಿ ಕೂತು ಮಾತಾಡಿಸಿ. ಸುಮ್ನೆ ಹೇಳುತ್ತಿಲ್ಲ. ನೋವಿಗೆ ಕನ್ನಡದಲ್ಲಿ ಇರುವಷ್ಟು ಪದಗಳನ್ನು ನಾವು ಆಟದಲ್ಲಿ ಕಾಲು ಭಾಗವೂ ಬಳಸುತ್ತಿಲ್ಲ.

ಮಂಡಿ ಕಡಿಯುತ್ತದೆ. ಮೀನಖಂಡ ಸೆಳೆಯುತ್ತದೆ. ತಲೆ ಸಿಡಿಯುತ್ತದೆ, ಇಲ್ಲವೇ ಧಿಮ್ಮೆನ್ನುತ್ತದೆ. ತರಚಿದ ಜಾಗ ಚುರುಗುಟ್ಟುತ್ತದೆ. ಹೊಟ್ಟೆ ನುಲಿಯುತ್ತದೆ, ತೊಳಸುತ್ತದೆ. ಸೊಂಟ ಹಿಡಿದುಕೊಳ್ಳುತ್ತದೆ. ಪಾದ ಉಳುಕುತ್ತದೆ. ಕೈ ಜೋಮು ಹಿಡಿಯುತ್ತದೆ. ಮೊಣಕೈ ತಗುಲಿದರೆ ಜುಮ್ಮೆನ್ನುತ್ತದೆ. ಕೀವು ಕಟ್ಟಿದ ಗಾಯ ಮಿಡಿಯುತ್ತದೆ. ಏಟು ಬಿದ್ದಲ್ಲಿ ಬಾಸುಂಡೆ ಏಳುತ್ತದೆ, ಬಾವು ಬರುತ್ತದೆ, ಆಮೇಲೆ ಕಂದುತ್ತದೆ. ಸುಟ್ಟಲ್ಲಿ ಬೊಬ್ಬೆ ಬರುತ್ತದೆ. ಹೊರಗೆ ಏನೂ ಕಾಣದಿದ್ದರೆ ಅದು ಒಳಪೆಟ್ಟು, ಮತ್ತು ಅದಕ್ಕೇ ನಾವು ಜಾಸ್ತಿ ಹೆದರುತ್ತೇವೆ.

ಇವು ಒಂದರ ಜಾಗದಲ್ಲಿ ಇನ್ನೊಂದು ಹಾಕುವ ಪದಗಳಲ್ಲ. ಸೆಳೆತ ಬೇರೆ, ಉರಿ ಬೇರೆ. ವೈದ್ಯರಿಗೂ ಈ ವ್ಯತ್ಯಾಸ ಬೇಕು. 1975ರಲ್ಲಿ ರೊನಾಲ್ಡ್ ಮೆಲ್ಜಾಕ್ ಎಂಬ ಕೆನಡಾದ ಮನಃಶಾಸ್ತ್ರಜ್ಞರು ರೋಗಿಗಳು ನೋವಿಗೆ ಬಳಸುವ 78 ಇಂಗ್ಲಿಷ್ ಪದಗಳನ್ನು ಗುಂಪು ಮಾಡಿ ಒಂದು ಪ್ರಶ್ನಾವಳಿಯನ್ನೇ ಮಾಡಿದರು. ಯಾವ ಪದ ಆರಿಸುತ್ತಾರೆ ಅನ್ನುವುದರಿಂದ ನೋವಿನ ಬಗೆ ತಿಳಿಯುತ್ತದೆ ಎಂಬ ನಂಬಿಕೆ ಅದರ ಹಿಂದಿತ್ತು. ಆಂಬುಲೆನ್ಸ್ ಪಾತ್ರ ಆಡುವವರು "ನೋವು ಹೇಗಿದೆ, ಚುಚ್ಚುತ್ತದಾ, ಉರಿಯುತ್ತದಾ, ಹಿಂಡಿದ ಹಾಗಿದೆಯಾ?" ಅಂತ ಕೇಳಿ ನೋಡಿ. ಎದುರಿನ ಆಟಗಾರ ಒಂದು ಕ್ಷಣ ನಿಂತು ಯೋಚಿಸುತ್ತಾನೆ. ಅಲ್ಲಿಂದ ಸೀನ್ ಬದಲಾಗುತ್ತದೆ.

ಊರಿನ ಪದಗಳನ್ನೂ ಬಿಡಬೇಡಿ. ನಿಮ್ಮ ಪಾತ್ರ ಧಾರವಾಡದವನಾದರೆ ಅವನು "ಭಾಳ ನೋಯಾಕತ್ತೈತಿ" ಅಂತಲೇ ಅನ್ನಲಿ. ನೋವಿನಲ್ಲಿ ಯಾರೂ ಪುಸ್ತಕದ ಭಾಷೆ ಮಾತಾಡುವುದಿಲ್ಲ.

ಸ್ಲ್ಯಾಷ್ ಮೀ, ಸ್ಲ್ಯಾಷ್ ಡೂ ಸಾಲುಗಳನ್ನು ಹೇಗೆ ಬರೆಯಬೇಕು?

ಇವು ಚಾಟ್ ಪೆಟ್ಟಿಗೆಯಲ್ಲಿ ಟೈಪ್ ಮಾಡುವ ಆಜ್ಞೆಗಳು, ಬರೆದದ್ದು ಪಾತ್ರದ ತಲೆಯ ಮೇಲೆ ಕಾಣುತ್ತದೆ. ಮೀ ಅಂದರೆ ನಿಮ್ಮ ಪಾತ್ರ ಮಾಡುತ್ತಿರುವುದು. ಡೂ ಅಂದರೆ ಸುತ್ತಲಿನವರಿಗೆ ಕಾಣುವ, ಕೇಳುವ ಸ್ಥಿತಿ. ಗಾಯದ ವಿಷಯದಲ್ಲಿ ಹೊಸಬರು ಮಾಡುವ ತಪ್ಪು ಒಂದೇ: ಮನಸ್ಸಿನೊಳಗಿನದನ್ನು ಮೀ ಸಾಲಿನಲ್ಲಿ ಬರೆಯುವುದು. "ಮೀ ಅವನಿಗೆ ತುಂಬಾ ನೋವಾಗುತ್ತಿದೆ" ಎಂದರೆ ಎದುರಿಗಿರುವವರಿಗೆ ಏನು ಕಂಡಿತು? "ಮೀ ಬಲಗೈಯಲ್ಲಿ ಪಕ್ಕೆ ಒತ್ತಿ ಹಿಡಿದು, ಗೋಡೆಗೆ ಒರಗಿ ನಿಧಾನಕ್ಕೆ ಕೂರುತ್ತಾನೆ" ಎಂದರೆ ಕಣ್ಣಿಗೆ ಕಟ್ಟುತ್ತದೆ. ಅದರ ಹಿಂದೆಯೇ "ಡೂ ಅಂಗಿಯ ಎಡಭಾಗ ಒದ್ದೆಯಾಗಿದೆ, ಉಸಿರು ಚಿಕ್ಕ ಚಿಕ್ಕದಾಗಿದೆ" ಎಂದು ಹಾಕಿದರೆ ಡಾಕ್ಟರ್ ಆಡುವವರಿಗೆ ಕೆಲಸ ಸಿಕ್ಕಿತು.

ಸಾಲು ಚಿಕ್ಕದಿರಲಿ. ತಲೆಯ ಮೇಲೆ ತೇಲುವ ಬರಹವನ್ನು ಯಾರೂ ನಾಲ್ಕು ಸಾಲು ಓದುವುದಿಲ್ಲ.

ಎದುರಿನವರಿಗೆ ಎಂಥ ಗಾಯ ಆಯಿತು ಅಂತ ನಾನೇ ಬರೆಯಬಹುದಾ?

ಬೇಡ. ಅದು ಪವರ್‌ಗೇಮಿಂಗ್, ಅಂದರೆ ಎದುರಿನವರ ಪಾತ್ರಕ್ಕೆ ಏನಾಯಿತು ಅಂತ ನಾವೇ ತೀರ್ಮಾನಿಸುವುದು. "ಮೀ ಅವನ ಮೊಣಕಾಲು ಮುರಿಯುತ್ತಾನೆ" ಎನ್ನುವ ಬದಲು "ಮೀ ಅವನ ಮೊಣಕಾಲಿನ ಕಡೆಗೆ ರಾಡ್ ಬೀಸುತ್ತಾನೆ" ಎಂದು ಬರೆದು ನಿಲ್ಲಿಸಿ. ಮುರಿಯಿತೋ, ತಪ್ಪಿತೋ, ಬರೀ ಬಾವು ಬಂತೋ ಅನ್ನುವುದು ಆ ಪಾತ್ರದ ಒಡೆಯರ ಹಕ್ಕು. ಅದಕ್ಕೆ ಬದಲಾಗಿ ಅವರಿಗೂ ಒಂದು ಹೊಣೆ ಇದೆ. ಪ್ರತಿ ಸಲ "ತಪ್ಪಿಸಿಕೊಂಡ" ಅಂತ ಬರೆಯುವವರ ಜೊತೆ ಎರಡನೇ ಸಲ ಯಾರೂ ಆಡಲು ಬರುವುದಿಲ್ಲ.

ಗುಂಡೇಟು ಬಿದ್ದರೆ? ಭುಜಕ್ಕೆ ಬಿದ್ದರೆ ಪರವಾಗಿಲ್ಲ ಅಲ್ವಾ?

ಭುಜ ಪರವಾಗಿಲ್ಲ ಅನ್ನುವುದು ಪರದೆಯ ಮೇಲೆ ನೋಡಿ ಬಂದ ನಂಬಿಕೆ. ಭುಜದ ಹತ್ತಿರವೇ ಕೈಗೆ ರಕ್ತ ಒಯ್ಯುವ ದೊಡ್ಡ ನಾಳ ಹಾದುಹೋಗುತ್ತದೆ. ಇಡೀ ಕೈಯನ್ನು ಆಡಿಸುವ ನರಗಳ ಗೊಂಚಲೂ ಅಲ್ಲೇ ಇದೆ. ಅಲ್ಲಿ ಗುಂಡು ಬಿದ್ದವನು ಅದೇ ಕೈಯಲ್ಲಿ ಸ್ಟಿಯರಿಂಗ್ ತಿರುಗಿಸಿಕೊಂಡು ಆಟದ ಪಿಲ್‌ಬಾಕ್ಸ್ ಆಸ್ಪತ್ರೆಗೆ ಬಂದರೆ ನಾನಂತೂ ನಂಬುವುದಿಲ್ಲ. ತೊಡೆಯೂ ಹಾಗೇ. ತೊಡೆಯ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷಗಳಲ್ಲಿ ಜೀವ ಹೋಗಬಹುದು.

ಗುಂಡು ಬಿದ್ದವನು ಹಿಂದಕ್ಕೆ ಹಾರಿ ಬೀಳುವುದಿಲ್ಲ. ಕೆಲವರಿಗೆ ಗುಂಡು ಬಿದ್ದಿದ್ದೇ ಗೊತ್ತಾಗುವುದಿಲ್ಲ, ಯಾರೋ ಗುದ್ದಿದ ಹಾಗಾಯಿತು ಅಂದುಕೊಳ್ಳುತ್ತಾರೆ. ಇನ್ನೊಂದು ತಪ್ಪು: ಗುಂಡು ಹೊರಗೆ ತೆಗೆದ ಕೂಡಲೇ ವಾಸಿಯಾಗುವುದು. ಜೀವ ತೆಗೆಯುವುದು ರಕ್ತಸ್ರಾವ ಮತ್ತು ಒಳಗಿನ ಅಂಗಗಳಿಗಾದ ಹಾನಿ. ಗುಂಡನ್ನು ಒಳಗೇ ಬಿಟ್ಟು ಗಾಯ ವಾಸಿಮಾಡುವುದೂ ಉಂಟು. ಗ್ಯಾರೇಜಿನಲ್ಲಿ ಚಾಕು ಹಾಕಿ ಗುಂಡು ಕೆದಕುವ ಸೀನ್ ಆಡಬೇಕಿದ್ದರೆ ಆಡಿ. ಆದರೆ ಅದರಿಂದ ಗಾಯ ಇನ್ನೂ ಕೆಟ್ಟಿತು ಅಂತ ಆಡಿ. ಎರಡು ದಿನ ಬಿಟ್ಟು ಜ್ವರ ಬರಲಿ, ಗಾಯದಲ್ಲಿ ಕೀವು ತುಂಬಲಿ. ಚುಚ್ಚಿದ ಚಾಕುವೂ ಅಷ್ಟೇ. ಅದನ್ನು ಕಿತ್ತರೆ ರಕ್ತ ಕಟ್ಟೆಯೊಡೆದ ಹಾಗೆ ಬರುತ್ತದೆ. ಅಲ್ಲಾಡದಂತೆ ಸುತ್ತ ಬಟ್ಟೆ ಇಟ್ಟು ಹಾಗೇ ಆಸ್ಪತ್ರೆಗೆ ಒಯ್ಯುತ್ತಾರೆ.

ಎಷ್ಟು ರಕ್ತ ಹೋದರೆ ಏನಾಗುತ್ತದೆ?

ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ರಕ್ತದಾನದಲ್ಲಿ 350 ಇಲ್ಲವೇ 450 ಎಂಎಲ್ ತೆಗೆಯುತ್ತಾರೆ. ಬಿಸ್ಕತ್ತು, ಜ್ಯೂಸ್ ಮುಗಿಸಿ ನಾವು ನಡೆದುಕೊಂಡೇ ಮನೆಗೆ ಬರುತ್ತೇವೆ. ಅರ್ಧ ಲೀಟರಿನ ಹಾಲಿನ ಪ್ಯಾಕೆಟ್ ಲೆಕ್ಕದಲ್ಲಿ ಯೋಚಿಸಿ. ಒಂದೂವರೆ ಪ್ಯಾಕೆಟ್‌ವರೆಗೆ ಹೊರಗೆ ದೊಡ್ಡ ಲಕ್ಷಣ ಕಾಣುವುದಿಲ್ಲ. ಅಲ್ಲಿಂದ ಮೂರು ಪ್ಯಾಕೆಟ್ ಒಳಗೆ ಎದೆಬಡಿತ ನಿಮಿಷಕ್ಕೆ 100 ದಾಟುತ್ತದೆ, ಚಡಪಡಿಕೆ ಶುರುವಾಗುತ್ತದೆ, ಮೈ ತಣ್ಣಗೆ ಬೆವರುತ್ತದೆ. ಮೂರು ದಾಟಿದರೆ ರಕ್ತದೊತ್ತಡ ಬೀಳುತ್ತದೆ, ಮಾತು ತಡವರಿಸುತ್ತದೆ. ನಾಲ್ಕು ದಾಟಿದರೆ ಜೀವದ ಮೇಲೆ ಬಂದ ಹಾಗೆ.

ಆಡುವಾಗ ಈ ಕ್ರಮ ನೆನಪಿಡಿ: ಚಡಪಡಿಕೆ, ಬಾಯಾರಿಕೆ, ಚಳಿ, ಗಲಿಬಿಲಿ, ಮಂಪರು. "ನೀರು ಕೊಡಣ್ಣ" ಅಂತ ಎರಡು ಮೂರು ಸಲ ಕೇಳಿ. ಆಮೇಲೆ "ಯಾಕೋ ಚಳಿ" ಅನ್ನಿ. ಗೊತ್ತಿರುವ ಡಾಕ್ಟರ್ ಆಟಗಾರ ಆಗಲೇ ಓಡಿ ಬರುತ್ತಾನೆ. ರಕ್ತ ನಿಲ್ಲಿಸಲು ಮೊದಲು ಮಾಡುವುದು ಗಾಯದ ಮೇಲೆ ನೇರವಾಗಿ, ಬಲವಾಗಿ ಒತ್ತುವುದು. ಕೈಕಾಲಿನ ರಕ್ತ ಒತ್ತಿದರೂ ನಿಲ್ಲದಿದ್ದರೆ ಗಾಯಕ್ಕಿಂತ ನಾಲ್ಕು ಬೆರಳಷ್ಟು ಮೇಲೆ ಟೂರ್ನಿಕೆ (ರಕ್ತ ತಡೆಯುವ ಬಿಗಿ ಪಟ್ಟಿ) ಬಿಗಿಯುತ್ತಾರೆ, ಕಟ್ಟಿದ ಹೊತ್ತನ್ನು ಬರೆದಿಡುತ್ತಾರೆ. ಟೂರ್ನಿಕೆ ಬಿಗಿಯುವುದು ಗಾಯಕ್ಕಿಂತ ಜಾಸ್ತಿ ನೋಯಬಹುದು. ಅಲ್ಲಿ ಕೂಗಿದರೆ ತಪ್ಪಿಲ್ಲ.

ತಲೆಗೆ ಹೊಡೆದರೆ ಅರ್ಧ ಗಂಟೆ ಪ್ರಜ್ಞೆ ತಪ್ಪಿಸಿ ಕಿಡ್ನ್ಯಾಪ್ ಮಾಡಬಹುದಾ?

ಇದು ನಮ್ಮ ಸರ್ವರ್‌ಗಳಲ್ಲಿ ದಿನಾ ನಡೆಯುವ ಸೀನ್. ನನಗೆ ಜಾಸ್ತಿ ಬೇಸರ ತರುವುದೂ ಇದೇ. ತಲೆಪೆಟ್ಟಿನಿಂದ ಪ್ರಜ್ಞೆ ತಪ್ಪಿದವರು ಸಾಮಾನ್ಯವಾಗಿ ಕೆಲವು ಸೆಕೆಂಡುಗಳಲ್ಲಿ, ಹೆಚ್ಚೆಂದರೆ ಕೆಲವು ನಿಮಿಷಗಳಲ್ಲಿ ಎಚ್ಚರವಾಗುತ್ತಾರೆ. ಅರ್ಧ ಗಂಟೆ ಎಚ್ಚರವಾಗದಿದ್ದರೆ ಅದು ಮೆದುಳಿಗೆ ಆದ ದೊಡ್ಡ ಗಾಯ. ಅಂಥವರು ಕಣ್ಣು ಬಿಟ್ಟು "ನಾನೆಲ್ಲಿದ್ದೀನಿ, ಯಾರು ನೀವು?" ಅಂತ ಡೈಲಾಗ್ ಹೊಡೆಯುವುದಿಲ್ಲ.

ನಿಜವಾದ ತಲೆಪೆಟ್ಟಿನಲ್ಲಿ ಆಡಲು ಇದಕ್ಕಿಂತ ಒಳ್ಳೆಯ ವಸ್ತು ಇದೆ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು. ಪೆಟ್ಟು ಬೀಳುವ ಮೊದಲಿನ ಹತ್ತು ನಿಮಿಷ ನೆನಪೇ ಇಲ್ಲದಿರುವುದು. ಬೆಳಕು ಕಣ್ಣಿಗೆ ಚುಚ್ಚುವುದು. ವಾಂತಿ. ನಡೆಯುವಾಗ ತೂಗಾಡುವುದು. ಒಂದು ವಾರದವರೆಗೂ ಬರುವ ತಲೆನೋವು, ಸಿಡುಕು, ನಿದ್ದೆಗೇಡು. ಒಮ್ಮೆ ಒಬ್ಬ ಆಟಗಾರ ಆಂಬುಲೆನ್ಸ್‌ನಲ್ಲಿ ನನ್ನನ್ನು ಆರು ಸಲ "ಅಕ್ಕ, ನನ್ನ ಬೈಕ್ ಎಲ್ಲಿ?" ಅಂತ ಒಂದೇ ದನಿಯಲ್ಲಿ ಕೇಳಿದ. ಆರನೇ ಸಲಕ್ಕೆ ನನಗೆ ನಿಜವಾಗಿಯೂ ಭಯವಾಯಿತು. ಒಂದು ತೊಟ್ಟು ರಕ್ತ ತೋರಿಸದೆ ಅವನು ಅದನ್ನು ಮಾಡಿದ.

ಡಾಕ್ಟರ್ ಪಾತ್ರದವರಿಗೆ ಒಂದು ಸಲಕರಣೆ ಇದೆ. 1974ರಲ್ಲಿ ಗ್ಲಾಸ್ಗೋ ನಗರದ ಇಬ್ಬರು ವೈದ್ಯರು ಪ್ರಜ್ಞೆ ಅಳೆಯಲು ಒಂದು ಅಳತೆಗೋಲು ಮಾಡಿದರು, ಅದೇ ಗ್ಲಾಸ್ಗೋ ಕೋಮಾ ಸ್ಕೇಲ್, ಚಿಕ್ಕದಾಗಿ ಜಿಸಿಎಸ್. ಅದರ ಈಗಿನ ರೂಪದಲ್ಲಿ ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಚಲನೆಗೆ 6, ಒಟ್ಟು 15 ಅಂಕ. ಏನೂ ಪ್ರತಿಕ್ರಿಯೆ ಇಲ್ಲದಿದ್ದರೂ 3 ಇರುತ್ತದೆ. 8 ಅಥವಾ ಅದಕ್ಕಿಂತ ಕಡಿಮೆ ಬಂದರೆ ತೀವ್ರ. ರೇಡಿಯೋದಲ್ಲಿ "ಜಿಸಿಎಸ್ 13, ಮಾತು ತೊದಲುತ್ತಿದೆ" ಅಂದರೆ ಆಸ್ಪತ್ರೆಯಲ್ಲಿರುವವರು ತಯಾರಾಗುತ್ತಾರೆ. ರೋಗಿಯ ಪಾತ್ರ ಮಾಡುವವನಿಗೂ ತಾನು ಎಷ್ಟು ಮಂಕಾಗಿರಬೇಕು ಅನ್ನುವುದು ತಿಳಿಯುತ್ತದೆ.

ಮೂಳೆ ಮುರಿದರೆ ಎಷ್ಟು ದಿನ?

ಮಣಿಕಟ್ಟಿಗೆ ಸುಮಾರು ಆರು ವಾರ ಪ್ಲಾಸ್ಟರ್. ಪಕ್ಕೆಲುಬೂ ಸುಮಾರು ಆರು ವಾರ. ತೊಡೆಯ ಮೂಳೆಯಾದರೆ ಮೂರರಿಂದ ಆರು ತಿಂಗಳು, ಅದಕ್ಕೆ ಆಪರೇಷನ್ನೂ ಬೇಕು. ಪಕ್ಕೆಲುಬಿಗೆ ಎದೆ ಸುತ್ತ ಬಿಗಿಯಾಗಿ ಪಟ್ಟಿ ಸುತ್ತುವುದು ಹಳೆಯ ಪದ್ಧತಿ. ಆಳವಾಗಿ ಉಸಿರೆಳೆಯಲು ಆಗದೆ ನ್ಯುಮೋನಿಯಾ ಬರುವ ಅಪಾಯ ಇರುವುದರಿಂದ ಈಗ ಹಾಗೆ ಮಾಡುವುದಿಲ್ಲ. ಪಕ್ಕೆ ಮುರಿದವನಿಗೆ ಕೆಮ್ಮು, ಸೀನು, ನಗು ಮೂರೂ ಶಿಕ್ಷೆ. ಗೆಳೆಯರು ಜೋಕ್ ಹೇಳಿದಾಗ "ನಗಿಸಬೇಡ್ರೋ" ಅಂತ ಬೇಡಿಕೊಳ್ಳುವ ಪಾತ್ರ ಎಷ್ಟು ಚೆನ್ನಾಗಿರುತ್ತದೆ ಯೋಚಿಸಿ.

ನನ್ನ ಆರು ವಾರ ಹೇಗಿತ್ತು ಗೊತ್ತಾ? ಜಡೆ ಹಾಕಿಕೊಳ್ಳಲು ಆಗುತ್ತಿರಲಿಲ್ಲ, ಅಮ್ಮ ಬರಬೇಕಿತ್ತು. ಚಪಾತಿ ಹರಿಯಲು ಬರುತ್ತಿರಲಿಲ್ಲ, ಹಾಗಾಗಿ ಅನ್ನ, ಉಪ್ಪಿಟ್ಟು, ಚಮಚ. ಪ್ಲಾಸ್ಟರಿನ ಒಳಗೆ ನವೆ. ಸ್ನಾನಕ್ಕೆ ಹೋಗುವಾಗ ಕೈಗೆ ಪ್ಲಾಸ್ಟಿಕ್ ಕವರ್. ಪ್ಲಾಸ್ಟರ್ ತೆಗೆದಾಗ ಕೈ ಒಣಗಿ, ಸಣ್ಣಗಾಗಿ, ಬೇರೆ ಯಾರದ್ದೋ ಕೈಯ ಹಾಗಿತ್ತು. ಬಾಟಲಿ ಮುಚ್ಚಳ ತಿರುಗಿಸಲು ಇನ್ನೂ ಒಂದು ತಿಂಗಳು ಬೇಕಾಯಿತು. ಮುರಿತದ ನೋವು ನನಗೆ ಈಗ ಸರಿಯಾಗಿ ನೆನಪಿಲ್ಲ. ಆ ಮುಚ್ಚಳ ನೆನಪಿದೆ.

ಸರ್ವರ್‌ನಲ್ಲಿ ಆರು ವಾರ ಪ್ಲಾಸ್ಟರ್ ಹಾಕಿಕೊಂಡು ಕೂರಲು ಆಗುತ್ತದಾ?

ಯಾರೂ ಹಾಗೆ ಕೇಳುತ್ತಿಲ್ಲ. ಕಾಲವನ್ನು ಕುಗ್ಗಿಸಿ. ನಮ್ಮ ಗುಂಪಿನಲ್ಲಿ ಒಂದು ವಾರದ ಗಾಯಕ್ಕೆ ಒಂದು ಸೆಷನ್ (ಒಂದು ಸಲ ಕೂತು ಆಡುವ ಆಟ) ಅಂತ ಮಾಡಿಕೊಂಡಿದ್ದೇವೆ. ಮಣಿಕಟ್ಟು ಮುರಿದರೆ ಆರು ಸೆಷನ್. ಅಷ್ಟು ಹೊತ್ತು ಗನ್ ಇಲ್ಲ, ಬೈಕ್ ಇಲ್ಲ, ಉಳಿದದ್ದೆಲ್ಲ ಇದೆ. ಎಷ್ಟೋ ಜನರಿಗೆ ಆ ಆರು ಸೆಷನ್ನೇ ಹೊಸ ದಾರಿ ತೋರಿಸಿದೆ. ದರೋಡೆ ಬಿಟ್ಟು ಬೇರೇನೂ ಗೊತ್ತಿಲ್ಲದ ಒಬ್ಬ ಹುಡುಗ ಕೈ ಕಟ್ಟಿಸಿಕೊಂಡು ಟೀ ಅಂಗಡಿಯಲ್ಲಿ ಕೂತ. ಅಲ್ಲಿ ಬಂದು ಹೋಗುವವರ ಜೊತೆ ಮಾತು ಬೆಳೆಯಿತು. ಅವನ ಪಾತ್ರಕ್ಕೆ ಸ್ನೇಹಿತರು ಸಿಕ್ಕಿದ್ದೇ ಆಗ.

ಅಷ್ಟೂ ಸಮಯ ಇಲ್ಲದಿದ್ದರೆ ಚಿಕ್ಕ ಗಾಯ ಆರಿಸಿಕೊಳ್ಳಿ. ಉಳುಕಿದ ಪಾದವನ್ನು ಎರಡು ದಿನ ನೆಟ್ಟಗೆ ಆಡುವುದು, ಎದೆಗೆ ನಾಲ್ಕು ಗುಂಡು ಹಾಕಿಸಿಕೊಂಡು ಹತ್ತು ನಿಮಿಷದಲ್ಲಿ ಮರೆಯುವುದಕ್ಕಿಂತ ಮೇಲು.

ಸುಟ್ಟ ಗಾಯ?

ಮೇಲುಮೇಲೆ ಸುಟ್ಟರೆ ಕೆಂಪು, ಉರಿ. ಇನ್ನೂ ಆಳಕ್ಕೆ ಹೋದರೆ ಬೊಬ್ಬೆ, ತಡೆಯಲಾಗದ ಉರಿ. ಚರ್ಮ ಪೂರ್ತಿ ಸುಟ್ಟಿದ್ದರೆ ಆ ಜಾಗದ ನರಗಳೂ ಸತ್ತಿರುತ್ತವೆ. ನಡುವೆ ನೋವೇ ಇರುವುದಿಲ್ಲ, ಅಂಚಿನಲ್ಲಿ ಮಾತ್ರ ಇರುತ್ತದೆ. ಬೆಂಕಿಯಿಂದ ಹೊರಗೆ ತಂದವನು "ನೋಯುತ್ತಿಲ್ಲ" ಅಂದರೆ ಡಾಕ್ಟರ್ ಪಾತ್ರಕ್ಕೆ ಗಾಬರಿಯಾಗಬೇಕು. ಮೈಯ ಶೇಕಡಾ ಎಷ್ಟು ಭಾಗ ಸುಟ್ಟಿದೆ ಅನ್ನಲು ಒಂಬತ್ತರ ಲೆಕ್ಕ ಬಳಸಿ: ತಲೆ 9, ಒಂದೊಂದು ಕೈ 9, ಒಂದೊಂದು ಕಾಲು 18, ಮುಂಡದ ಮುಂಭಾಗ 18, ಬೆನ್ನು 18, ತೊಡೆಸಂದು 1, ಒಟ್ಟು ನೂರು. ಮೊದಲ ಕೆಲಸ 20 ನಿಮಿಷ ಹರಿಯುವ ತಣ್ಣೀರು. ಟೂತ್‌ಪೇಸ್ಟ್, ಇಂಕು ಬೇಡವೇ ಬೇಡ.

ನಮ್ಮ ಕಥೆ ಮಲೆನಾಡಿನ ಹಳ್ಳಿಯಲ್ಲಿ ನಡೆಯುತ್ತದೆ. ಹಾವು ಕಡಿದಿದ್ದನ್ನು ಹೇಗೆ ಆಡುವುದು?

ಯಾವ ಹಾವು ಅಂತ ಮೊದಲು ತೀರ್ಮಾನಿಸಿ, ಯಾಕೆಂದರೆ ನೋವು ಅದರ ಮೇಲಿದೆ. ಕೊಳಕುಮಂಡಲ ಕಡಿದರೆ ಕೂಡಲೇ ವಿಪರೀತ ನೋವು, ಬಾವು ಮೇಲೇರುತ್ತಾ ಹೋಗುತ್ತದೆ, ರಕ್ತ ಹೆಪ್ಪುಗಟ್ಟುವುದಿಲ್ಲ, ಒಸಡಿನಿಂದಲೂ ಬರಬಹುದು. ನಾಗರಹಾವಿನಲ್ಲಿ ಬಾವು, ನೋವಿನ ಜೊತೆಗೆ ರೆಪ್ಪೆ ಜೋತುಬೀಳುತ್ತದೆ. ಕಟ್ಟುಹಾವು ನನ್ನನ್ನು ಬಹಳ ಕಾಡುವ ಹಾವು. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ, ನೋವು ಬಹಳ ಕಡಿಮೆ, ಎಷ್ಟೋ ಸಲ ಎಚ್ಚರವೇ ಆಗುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ಕಣ್ಣು ತೆರೆಯಲಾಗದಿರುವುದು, ನುಂಗಲಾಗದಿರುವುದು, ಆಮೇಲೆ ಉಸಿರಿನ ತೊಂದರೆ. ನೋವಿಲ್ಲದ ಗಾಯವನ್ನು ಆಡುವುದು ಬಹಳ ಕಷ್ಟ. ಚೆನ್ನಾಗಿ ಆಡಿದರೆ ಓದುವವರ ಮೈ ಜುಮ್ಮೆನ್ನುತ್ತದೆ.

ನಿಮ್ಮ ಪಾತ್ರಗಳು ಹಗ್ಗ ಬಿಗಿದು, ಬ್ಲೇಡಿನಲ್ಲಿ ಕೊಯ್ದು, ಬಾಯಿಯಲ್ಲಿ ವಿಷ ಹೀರಿದರೆ ಅದನ್ನು ತಪ್ಪು ಅಂತ ತೋರಿಸುವ ಇನ್ನೊಂದು ಪಾತ್ರ ಸೀನ್‌ನಲ್ಲಿ ಇರಲಿ. ಕಡಿದ ಕೈಕಾಲು ಅಲ್ಲಾಡಿಸದೆ ಆಸ್ಪತ್ರೆಗೆ ಒಯ್ಯುವುದೇ ಸರಿ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ನಿಮ್ಮ ಕಥೆಯ ಊರಿನ ಡಾಕ್ಟರಮ್ಮ ಆ ಫಾರಂ ತುಂಬುವುದೂ ಒಂದು ಒಳ್ಳೆಯ ವಿವರ.

ನನ್ನ ಪಾತ್ರ ದೊಡ್ಡ ಡಾನ್. ನೋವು ತೋರಿಸಿದರೆ ಮರ್ಯಾದೆ ಹೋಗುವುದಿಲ್ಲವಾ?

ನೋವು ಮುಚ್ಚಿಡುವುದೂ ನೋವು ತೋರಿಸುವುದೇ. ಆದರೆ ಮುಚ್ಚಿಡುತ್ತಿದ್ದಾನೆ ಅನ್ನುವುದು ಎಲ್ಲೋ ಒಂದು ಕಡೆ ಕಾಣಬೇಕು. ಸಿಗರೇಟ್ ಹಚ್ಚಲು ಮೂರು ಸಲ ಬೇಕಾಯಿತು. ಹುಡುಗರ ಮುಂದೆ ನಿಂತೇ ಮಾತಾಡಿದ, ಅವರು ಹೋದ ಮೇಲೆ ಕುರ್ಚಿ ಹಿಡಿದು ಕೂತ. ಕೂತಿದ್ದನ್ನು ನಂಬಿಕಸ್ಥ ಒಬ್ಬನೇ ನೋಡಿದ. ಇಂಥ ಡಾನ್‌ಗೆ ನಾನು ಹೆದರುತ್ತೇನೆ. ಗುಂಡು ಬಿದ್ದರೂ ನಗುವವನನ್ನು ನೋಡಿದರೆ ಆಟಗಾರ ಸೋಲಲು ಹೆದರುತ್ತಿದ್ದಾನೆ ಅನ್ನಿಸುತ್ತದೆ.

ಆಂಬುಲೆನ್ಸ್ ಆಡುವವರಿಗೆ ಏನಾದರೂ ಹೇಳುತ್ತೀರಾ?

ಬಂದ ಕೂಡಲೇ ರಿವೈವ್ (ಬಿದ್ದವನನ್ನು ಥಟ್ಟನೆ ಎಬ್ಬಿಸುವ ಬಟನ್) ಒತ್ತಬೇಡಿ. ಅದೊಂದೇ ನನ್ನ ಕೈಮುಗಿದ ಕೋರಿಕೆ. ಮೊದಲು ಹೆಸರು ಕೇಳಿ. "ಅಣ್ಣಾ, ನನ್ನ ಮಾತು ಕೇಳಿಸುತ್ತಿದೆಯಾ?" ಅನ್ನಿ. ಡೂ ಹಾಕಿ ಪ್ರಶ್ನೆ ಕೇಳಿ: ರಕ್ತ ಎಲ್ಲಿಂದ, ಉಸಿರು ಹೇಗಿದೆ, ನಾಡಿ ಹೇಗಿದೆ? ಉತ್ತರಕ್ಕೆ ಕಾಯಿರಿ. ಮುಟ್ಟುವ ಮೊದಲು "ಇಲ್ಲಿ ಒತ್ತುತ್ತೇನೆ, ನೋಯುತ್ತದೆ" ಅಂತ ಹೇಳಿ. ಮೂರು ನಿಮಿಷ ಜಾಸ್ತಿ ಬೇಕು, ಅಷ್ಟೇ. ಬಿದ್ದವನು ನೋವು ಆಡಿ ತೋರಿಸಬೇಕೆಂದರೆ ಅದನ್ನು ನೋಡುವವರು ಬೇಕಲ್ಲ.

ಹಿಂಸೆ ಕೊಡುವ ಸೀನ್ ಆಡಬಹುದಾ?

ಮೊದಲೇ ಕೇಳಿ, ಪಾತ್ರದಿಂದ ಹೊರಗೆ ಬಂದು, ಖಾಸಗಿ ಮೆಸೇಜ್‌ನಲ್ಲಿ. ಎಲ್ಲಿವರೆಗೆ ಸರಿ, ಏನು ಬೇಡ, ನಿಲ್ಲಿಸಬೇಕಾದರೆ ಯಾವ ಪದ. ಒಪ್ಪಿದವರು ನಡುವೆ ಮನಸ್ಸು ಬದಲಿಸಿದರೆ ಕಾರಣ ಕೇಳದೆ ನಿಲ್ಲಿಸಿ. "ಆಮೇಲೆ ಏನಾಯಿತು ಅಂತ ಅಂದುಕೊಳ್ಳೋಣ, ಬೆಳಗ್ಗೆಯಿಂದ ಆಡೋಣ" ಅಂದರೆ ಕಥೆಗೆ ಏನೂ ಕೊರತೆ ಆಗುವುದಿಲ್ಲ. ಲೈಂಗಿಕ ಹಿಂಸೆಯನ್ನು ನಾನಿರುವ ಯಾವ ಗುಂಪಿನಲ್ಲೂ ಆಡುವುದಿಲ್ಲ. ಹದಿನೆಂಟು ತುಂಬದ ಆಟಗಾರರು ಇರುವ ಕಡೆ ಹಿಂಸೆಯ ಸೀನ್‌ಗಳೇ ಬೇಡ.

ನೋವು ಆಡುತ್ತಿರುವವರಿಗೆ ನಿಜವಾಗಿಯೂ ನೋವಿದೆ ಅನ್ನಿಸಿದರೆ?

ಆಟ ನಿಲ್ಲಿಸಿ. ಇದರಲ್ಲಿ ಎರಡನೇ ಯೋಚನೆ ಬೇಡ. ಪಾತ್ರ ಪದೇ ಪದೇ ತನ್ನನ್ನೇ ಗಾಯ ಮಾಡಿಕೊಳ್ಳುತ್ತಿದ್ದರೆ, "ಇದ್ದರೆಷ್ಟು, ಹೋದರೆಷ್ಟು" ಎನ್ನುವ ಮಾತು ಆಟದ ಹೊರಗೂ ಬರುತ್ತಿದ್ದರೆ, ನೇರವಾಗಿ ಕೇಳಿ: "ಇದು ಪಾತ್ರದ ಮಾತಾ, ನಿನ್ನ ಮಾತಾ?" ಕೇಳಿದ್ದರಿಂದ ಕೆಡುಕಾಗುವುದಿಲ್ಲ. ಅವರು ಮಾತಾಡಿದರೆ ಸುಮ್ಮನೆ ಕೇಳಿ. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416 ಭಾರತದಲ್ಲಿ ಎಲ್ಲಿಂದಲಾದರೂ ಉಚಿತ, ದಿನದ 24 ಗಂಟೆ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಆ ನಂಬರನ್ನು ನಮ್ಮ ಗುಂಪಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸಿಟ್ಟಿದ್ದೇವೆ.

ಇಲ್ಲಿ ಓದಿದ್ದನ್ನು ನಿಜವಾದ ಪೆಟ್ಟಿಗೆ ಬಳಸಬಹುದಾ?

ನಿಜವಾದ ಪೆಟ್ಟಿಗೆ 108 ಅಥವಾ 112. ಸಾಧ್ಯವಾದರೆ ಪ್ರಥಮ ಚಿಕಿತ್ಸೆಯ ತರಬೇತಿಗೆ ಒಂದು ದಿನ ಹೋಗಿ ಬನ್ನಿ. ಆಟಕ್ಕೂ ಆಯಿತು, ಮನೆಗೂ ಆಯಿತು.

ಗಾಯ ವಾಸಿಯಾದ ಮೇಲೆ ಮರೆತುಬಿಡಬಹುದಾ?

ಪೂರ್ತಿ ಬೇಡ. ಒಂದು ಚಿಕ್ಕ ಅಭ್ಯಾಸ ಉಳಿಸಿಕೊಳ್ಳಿ. ಚಳಿಗಾಲದ ಬೆಳಗ್ಗೆ ನನ್ನ ಮಣಿಕಟ್ಟು ಈಗಲೂ ಹಿಡಿದುಕೊಳ್ಳುತ್ತದೆ. ಒದ್ದೆ ರಸ್ತೆಯಲ್ಲಿ ನನಗೇ ಗೊತ್ತಿಲ್ಲದೆ ಸ್ಕೂಟರ್ ನಿಧಾನವಾಗುತ್ತದೆ. ನಮ್ಮ ಸರ್ವರ್‌ನಲ್ಲಿ ಒಬ್ಬಳ ಪಾತ್ರ ಕಾರು ಅಪಘಾತದಲ್ಲಿ ಸಾಯುವುದರಿಂದ ಸ್ವಲ್ಪದರಲ್ಲಿ ಉಳಿದಿದ್ದಳು. ಅದಾಗಿ ಎಂಟು ತಿಂಗಳಾಯಿತು. ಆ ಬಗ್ಗೆ ಅವಳು ಯಾವತ್ತೂ ಮಾತೆತ್ತುವುದಿಲ್ಲ. ಆದರೆ ಯಾರ ಕಾರು ಹತ್ತಿದರೂ ಹಿಂದಿನ ಸೀಟಿನಲ್ಲೇ ಕೂರುತ್ತಾಳೆ. ಮುಂದೆ ಜಾಗ ಖಾಲಿ ಇದ್ದರೂ. ಈಗ ನಾವ್ಯಾರೂ ಅವಳನ್ನು ಮುಂದೆ ಕೂರು ಅನ್ನುವುದಿಲ್ಲ, ಹಿಂದಿನ ಬಾಗಿಲು ತೆಗೆದು ಕೊಡುತ್ತೇವೆ.